ಮದುವೆ ಕಿಟಕಿಗೆ ಇಂಟು ಹಾಕಬಾರದು

ಪಾಂಡವಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಾನು ಕಂಪ್ಯೂಟರ್ ಪಾಠ ಹೇಳುತ್ತಿದ್ದ ಕಾಲದಲ್ಲಿ ಊರಿನ ಅರ್ಧ ಜನ ನನ್ನನ್ನು ಟೈಪಿಂಗ್ ಟೀಚರು ಅಂದುಕೊಂಡಿದ್ದರು. ಇನ್ನರ್ಧ ಜನ ಟಿವಿ ರಿಪೇರಿಯವಳು ಅಂದುಕೊಂಡು, ಆಂಟೆನಾ ಎತ್ತ ತಿರುಗಿಸಿದರೂ ಚಿತ್ರ ಬರುತ್ತಿಲ್ಲ ಎಂದು ದೂರು ತರುತ್ತಿದ್ದರು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮೈಸೂರಿನಲ್ಲಿ ಓದಿ, ಜಾವಾ ಎಂಬ ಹೊಸ ಭಾಷೆ ಕಲಿತು ಬಂದಿದ್ದ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಆಂಟೆನಾದವರನ್ನು ಬೈದು ಕಳಿಸಿ ಬಂದು ಕೂತರೆ, ಕಲಿಯಲು ಬಂದವರು ಮೌಸನ್ನು ಗಾಳಿಯಲ್ಲಿ ಎತ್ತಿ ಹಿಡಿದು, 'ಮೇಡಂ, ಬಾಣ ಅಲ್ಲಾಡ್ತಾನೇ ಇಲ್ಲ' ಅನ್ನುತ್ತಿದ್ದರು.

ನಮ್ಮ ಸೆಂಟರು ಇದ್ದದ್ದು ಮಹಡಿ ಮೇಲೆ. ಕೆಳಗೆ ಒಬ್ಬ ಅಡುಗೆ ಕಂಟ್ರಾಕ್ಟರ ಅಂಗಡಿ. ಶಾಮಿಯಾನ, ಕುರ್ಚಿ, ಕೊಳದಪ್ಪಲೆ, ಜನರೇಟರು, ಜೊತೆಗೆ ಅಡುಗೆಯವರು ಎಲ್ಲವೂ ಅಲ್ಲಿ ಸಿಗುತ್ತಿದ್ದವು. ಶ್ರೀರಂಗಪಟ್ಟಣದಿಂದ ನಾಗಮಂಗಲದ ತನಕ ಯಾರ ಮನೆಯಲ್ಲಿ ಮದುವೆಯಾದರೂ, ಗೃಹಪ್ರವೇಶವಾದರೂ, ತಿಥಿಯಾದರೂ ಅವರ ಕೊಳದಪ್ಪಲೆಗಳು ಹೋಗಲೇಬೇಕು. ಕಿರಂಗೂರಿನವರು, ಗುಂಡು ಮೈ, ಬಿಳಿ ಬನಿಯನ್ನು, ತಲೆಗೆ ಟವಲು. ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ. ಅವರು ನನ್ನನ್ನು ಖುಷಿಯಾಗಿದ್ದಾಗ 'ಕಣವ್ವ' ಅಂತಲೂ ಹೆದರಿದಾಗ 'ಮೇಡಮ್ಮೋರೆ' ಅಂತಲೂ ಕರೆಯುತ್ತಿದ್ದರು.

ಒಂದು ದಿನ ಅವರ ಹೆಂಡತಿ ಏದುಸಿರು ಬಿಡುತ್ತಾ ಮಹಡಿ ಹತ್ತಿ ಬಂದರು. ಬಂದವರೇ ಕಂಪ್ಯೂಟರುಗಳ ಕಡೆ ಕೈ ತೋರಿಸಿ, 'ಇದ್ರಲ್ಲಿ ಏನಾರ ಮಾಡಿ, ನಮ್ ಯಜಮಾನ್ರು ಇಲ್ದಲೇ ಅಡಿಗೆ ಆಗಂಗೆ ಮಾಡ್ಕೊಡಿ ಮೇಡಮ್ಮೋರೆ' ಅಂದರು.

ವಿಷಯ ಇಷ್ಟು. ಅವರ ಒಬ್ಬಳೇ ಮಗಳಿಗೆ ನಾಗಮಂಗಲದ ಕಡೆಯ ಗಂಡು ಗೊತ್ತಾಗಿತ್ತು. ಮದುವೆಯಾದ ಮೇಲೆ ಬೀಗರ ಊಟ. ನಮ್ಮ ಕಡೆ ಮದುವೆಯ ದಿನ ಪಾಯಸ, ಒಬ್ಬಟ್ಟು ಹಾಕಿ ಹೇಗೋ ಸಾಗಿಸಿಬಿಡಬಹುದು. ಬೀಗರ ಊಟದ ಬಾಡಿನಲ್ಲಿ, ಅಂದರೆ ಮಾಂಸದೂಟದಲ್ಲಿ, ಮಾತ್ರ ಕೊರತೆ ಆಗುವಂತಿಲ್ಲ. ಆಮೇಲೆ ಮೊಮ್ಮಕ್ಕಳು ಹುಟ್ಟಿ ದೊಡ್ಡವರಾದರೂ ಆ ಮಾತು ಹೋಗುವುದಿಲ್ಲ. ಅಂಥ ದಿನ ಹೆಣ್ಣಿನ ತಂದೆ ಪಂಚೆ ಉಟ್ಟು, ಗಂಡಿನ ತಂದೆಯ ಎದುರು ಎಲೆ ಹಾಕಿಸಿಕೊಂಡು ಕೂತು ಉಣ್ಣಬೇಕು. ಈ ಮಹಾಶಯರು ಕೂರುವ ಪೈಕಿಯಲ್ಲ ಎನ್ನುವುದು ಹೆಂಡತಿಯ ದೂರು. 'ನಮ್ ಮದ್ವೇಲೇ ಧಾರೆ ಆಯ್ತಿದ್ದಂಗೆ ಎದ್ದೋಗ್ಬುಟ್ರು ಕಣವ್ವ. ಎಲ್ಲೋದ್ರು ಅಂತ ಉಡುಕಿದ್ರೆ, ಸಾರಿಗೆ ಉಪ್ಪು ಆಕ್ತಾ ನಿಂತವ್ರೆ, ಬಾಸಿಂಗ ಕಟ್ಕೊಂಡೇ!'

ಆಕೆ ಗಂಡನ ಕೈಲಿ ಮನೆದೇವರ ಮೇಲೆ ಆಣೆ ಹಾಕಿಸಿದ್ದರು. ಮಗಳ ಬೀಗರ ಊಟದ ದಿನ ಅಡುಗೆಮನೆ ಕಡೆ ತಲೆ ಹಾಕುವಂತಿಲ್ಲ, ಅಡುಗೆ ಮಾತೇ ಎತ್ತುವಂತಿಲ್ಲ. ಕೆಳಗೆ ಹೋಗಿ ಕೇಳಿದೆ. ಅಣ್ಣ ಟವಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ, 'ನಂಗೂ ಆಸೆ ಕಣವ್ವ. ಊರೋರ ಬೀಗ್ರಿಗೆಲ್ಲ ಉಣ್ಣಾಕಿದ್ದೀನಿ, ನನ್ ಬೀಗನ ಎದ್ರುಗೆ ಒಂದ್ ಸಲ ಕುಂತು ಉಣ್ಬೇಕು' ಅಂದರು. ಅಷ್ಟು ದೊಡ್ಡ ಮನುಷ್ಯ ಅಷ್ಟು ಸಣ್ಣ ಆಸೆಯನ್ನು ಹೇಳಿಕೊಂಡಾಗ ಹಿಂದೆಮುಂದೆ ನೋಡದೆ ಪ್ರೋಗ್ರಾಮು ಬರೆದುಕೊಡುತ್ತೇನೆ ಎಂದುಬಿಟ್ಟೆ.

ಬರೆಯುವುದು ಸುಲಭವಿರಲಿಲ್ಲ. ಅಣ್ಣನ ಅಡುಗೆಯೆಲ್ಲ ಅವರ ಕೈಯಲ್ಲಿತ್ತು, ಬಾಯಲ್ಲಿ ಇರಲಿಲ್ಲ. 'ನೂರು ಜನಕ್ಕೆ ಧನಿಯಾ ಎಷ್ಟಣ್ಣ?' ಅಂದರೆ, 'ಬೇಕಾದಷ್ಟು' ಅನ್ನುತ್ತಿದ್ದರು. ಬೊಗಸೆಯಲ್ಲಿ ಹಿಡಿದು ತೋರಿಸಿ ಅಂದೆ. ಅವರ ಬೊಗಸೆಯನ್ನು ತಕ್ಕಡಿಗೆ ಸುರಿಸಿ ತೂಗಿದರೆ, ಕೋಪ ಬಂದ ದಿನ ಒಂದು ತೂಕ, ಶಾಂತವಾಗಿದ್ದ ದಿನ ಇನ್ನೊಂದು ತೂಕ. ಕೊನೆಗೆ ಎರಡರ ನಡುವಿನದನ್ನು ನಾನೇ ಬರೆದುಕೊಂಡೆ. ಊಟದ ಪಟ್ಟಿ ಆರಿಸಿ, ಜನ ಎಷ್ಟು ಅಂತ ಹೇಳಿ, ಎಲ್ಲಿ ಯಾವತ್ತು ಅಂತ ತುಂಬಿಸಿದರೆ ಸಾಕು, ಸಾಮಾನಿನ ಲೆಕ್ಕ ಸಮೇತ ಒಂದು ಚೀಟಿ ಕಿರ್ರೋ ಎಂದು ಪ್ರಿಂಟಾಗಿ ಬರುತ್ತಿತ್ತು. ಆ ಚೀಟಿ ಹಿಡಿದು ಅಡುಗೆಯವರು ಹೊರಟರೆ ಯಜಮಾನರನ್ನು ಏನೂ ಕೇಳುವ ಹಾಗೇ ಇರಲಿಲ್ಲ.

ಮಹಡಿಯ ಮೇಲಿನ ನಮ್ಮ ದೊಡ್ಡ ಕಂಪ್ಯೂಟರೇ ಸರ್ವರು. ಅಲ್ಲಿಂದ ಒಂದು ವೈರು ಕಿಟಕಿಯಿಂದ ಇಳಿಬಿಟ್ಟು ಅಂಗಡಿಯ ಕಂಪ್ಯೂಟರಿಗೆ ಕೊಟ್ಟಿದ್ದೆ. ಅಣ್ಣ ಬ್ರೌಸರಿನಲ್ಲಿ ಫಾರಂ ತುಂಬಿಸುತ್ತಿದ್ದರು, ಎರಡೇ ಬೆರಳಿನಲ್ಲಿ. ಕೀಬೋರ್ಡಿನ ಗುಂಡಿಗಳೆಲ್ಲ ಅರಿಶಿನವಾಗಿಬಿಟ್ಟಿದ್ದವು. ಆಗ ಕನ್ನಡ ಅಕ್ಷರ ಮೂಡಿಸುವುದು ಕಷ್ಟವಾದ್ದರಿಂದ ಕೈಮ ಉಂಡೆ, ಹೆಸರುಬೇಳೆ ಕೋಸಂಬರಿ ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿದ್ದವು. ಅಣ್ಣ ಒಂದೊಂದೇ ಅಕ್ಷರ ಕೂಡಿಸಿ ಓದಿ, ಕೊನೆಗೆ ಉಂಡೆ ಸಿಕ್ಕಾಗ ಮಗುವಿನ ಥರ ನಗುತ್ತಿದ್ದರು.

ಇನ್ನೊಂದು ತೊಡಕಿತ್ತು. ನಮ್ಮ ಜನ ಒಂದೇ ಸಲ ಕೂತು ಊಟದ ಪಟ್ಟಿ ಮುಗಿಸಿದ್ದನ್ನು ನಾನು ಕಂಡಿಲ್ಲ. ಅರ್ಧ ಹೇಳುತ್ತಾರೆ. ಪಾಯಸದ ಹತ್ತಿರ ಬಂದಾಗ, 'ಒಸಿ ತಾಳಿ, ನಮ್ ಭಾವನ್ನ ಒಂದು ಮಾತು ಕೇಳ್ಕೊಂಡ್ ಬತ್ತೀನಿ' ಎಂದು ಎದ್ದು ಹೋಗುತ್ತಾರೆ. ಭಾವ ಇರುವುದು ಕೆ.ಆರ್. ಪೇಟೆಯಲ್ಲಿ. ಭಾವ ಅವರಕ್ಕನನ್ನು ಕೇಳಬೇಕು. ಅಷ್ಟರಲ್ಲಿ ಹುಣ್ಣಿಮೆ ಹೋಗಿ ಅಮಾವಾಸ್ಯೆ ಬಂದಿರುತ್ತದೆ. ಅದಕ್ಕೇ ಅರ್ಧ ತುಂಬಿಸಿದ ಫಾರಂ ಸರ್ವರಿನ ನೆನಪಿನಲ್ಲಿ ಹಾಗೇ ಕೂತಿರುವಂತೆ ಮಾಡಿದ್ದೆ. ಬೇರೆ ಕಡೆ ಅರ್ಧ ಗಂಟೆ ಸುಮ್ಮನಿದ್ದರೆ ಸರ್ವರು ಮರೆತುಬಿಡುತ್ತದೆ. ನಮ್ಮದಕ್ಕೆ ಮರೆಯಲೇ ಬಾರದು ಎಂದು ಅಪ್ಪಣೆ ಕೊಟ್ಟಿದ್ದೆ. ಕರೆಂಟು ಹೋದರೆ ಯುಪಿಎಸ್ ಇತ್ತು, ಅದು ಸುಸ್ತಾಗುವುದರೊಳಗೆ ಅಣ್ಣನ ಜನರೇಟರು ಶುರುವಾಗುತ್ತಿತ್ತು. ಇಷ್ಟೆಲ್ಲ ಏರ್ಪಾಡು ಮಾಡಿ ನಾನು ಮಹಾ ಬುದ್ಧಿವಂತೆ ಎಂದು ಬೀಗಿಕೊಂಡು ಓಡಾಡಿದೆ.

ಅಣ್ಣ ಮಾಡಿದ್ದೇನೆಂದರೆ, ಒಂದು ಮನೆಯವರು ಎದ್ದು ಹೋದಾಗ ಅವರ ವಿಂಡೋ ಹಾಗೇ ಬಿಟ್ಟು, ಮುಂದಿನವರಿಗೆ ಇನ್ನೊಂದು ವಿಂಡೋ ತೆರೆಯುತ್ತಿದ್ದರು. ಹೊಸ ವಿಂಡೋ ತೆರೆಯುವುದನ್ನು ಅವರು ನನಗಿಂತ ಬೇಗ ಕಲಿತರು. ಅವನ್ನು ಕಿಟಕಿ ಅನ್ನುತ್ತಿದ್ದರು. ಕೆಳಗಿನ ಪಟ್ಟಿಯಲ್ಲಿ ಕಿಟಕಿಗಳು ಸಾಲಾಗಿ ಕೂತು ಕೂತು ಹೆಸರು ಓದಲಿಕ್ಕೂ ಜಾಗವಿಲ್ಲದ ಹಾಗೆ ಸಣ್ಣಗಾಗಿದ್ದವು. ಒಂದು ದಿನ ಅದು ನನ್ನ ಕಣ್ಣಿಗೆ ಬಿತ್ತು.

'ಅಣ್ಣಾ, ಒಂದು ಮುಗಿಸಿ ಇನ್ನೊಂದು ತೆಗೀರಿ. ಬೇಡದ್ದು ಇಲ್ಲಿ ಮೂಲೇಲಿ ಒತ್ತಿ ಮುಚ್ಚಿ' ಅಂದೆ.

ಅಣ್ಣ ಆ ಮೂಲೆಯನ್ನು ಬಗ್ಗಿ ನೋಡಿದರು. ಅಲ್ಲಿದ್ದದ್ದು ಇಂಟು ಮಾರ್ಕು.

'ಮದ್ವೆ ಮನೇ ಮೇಲೆ ಇಂಟು ಆಕು ಅಂತೀಯೇನವ್ವ?' ಅಂದರು. ಅವರ ದನಿಯಲ್ಲಿ ನಿಜವಾದ ನೋವಿತ್ತು.

'ಅದು ಮದುವೆ ಮೇಲೆ ಅಲ್ಲಣ್ಣ, ಕಿಟಕಿ ಮೇಲೆ.'

'ಕಿಟ್ಕಿ ಒಳ್ಗಡೆ ಇರೋದ್ಯಾರು? ಎಣ್ಣು ಗಂಡು ತಾನೆ?'

ನಾನು ವಾದ ಮಾಡಿದೆ, ರೇಗಿದೆ, ಮೇಜು ಕುಟ್ಟಿದೆ. ಅವರು ಜಗ್ಗಲಿಲ್ಲ. ಅಂಗಡಿ ಬಾಗಿಲು ಮುಚ್ಚುವಾಗಲೂ 'ಮುಚ್ಚಿದೆ' ಅನ್ನದೆ 'ಬಾಗಿಲು ಆಕ್ಕೊಂಡೆ' ಅನ್ನುವ ಮನುಷ್ಯ. ದೀಪ ಆರಿಸುವಾಗಲೂ 'ಆರಿಸು' ಎಂಬ ಮಾತನ್ನು ಬಾಯಿಗೆ ತರುವವರಲ್ಲ. ಶುಭಕಾರ್ಯ ನಡೆದು ಎಲ್ಲರೂ ಉಂಡು ಎಲೆ ಎತ್ತುವ ತನಕ ಆ ಮನೆಯ ಹೆಸರಿಗೆ ಇಂಟು ಹಾಕುವುದು ಅವರ ಕೈಲಿ ಸಾಧ್ಯವೇ ಇರಲಿಲ್ಲ. ತಿಥಿ ಮನೆಯವರ ಕಿಟಕಿಯನ್ನು ಮಾತ್ರ ಕೆಲಸ ಮುಗಿದ ತಕ್ಷಣ ಧಾರಾಳವಾಗಿ ಇಂಟು ಹಾಕಿ, ಕೈ ತೊಳೆದುಕೊಳ್ಳುತ್ತಿದ್ದರು. ಕೆಟ್ಟ ಹಟ ಅಂತ ನಾನು ಬೈದುಕೊಂಡು ಮಹಡಿ ಹತ್ತಿದೆ. ಆದರೂ ಇಷ್ಟು ದಿನ ಏನೂ ಆಗಿಲ್ಲವಲ್ಲ ಎಂದು ಸುಮ್ಮನಾದೆ.

ಮಗಳ ಬೀಗರ ಊಟದ ಕಿಟಕಿ ಎಲ್ಲಕ್ಕಿಂತ ಮೊದಲು ತೆರೆದು ಕೂತಿತ್ತು. ಅದನ್ನು ತುಂಬಿಸುವ ದಿನ ಅಣ್ಣ ಮಾನಿಟರಿಗೆ ಕುಂಕುಮ ಇಟ್ಟು, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು, ತಲೆಮಾಂಸ, ಕೈಮ ಉಂಡೆ, ಚಾಪ್ಸು. ಒಂದೊಂದಕ್ಕೂ ಗುರುತು ಹಾಕುವಾಗ ಮಗಳಿಗೆ ಒಡವೆ ಆರಿಸಿದಷ್ಟು ಹೊತ್ತು ತೆಗೆದುಕೊಂಡರು. ಊಟದ ಪಟ್ಟಿ ಮೊದಲು, ಜಾಗ ಕೊನೆಗೆ ಎನ್ನುವುದು ಅವರದೇ ಬೇಡಿಕೆ. ಏನು ಉಣ್ಣುವುದೆಂದು ಗೊತ್ತಾಗದೆ ಎಲ್ಲಿ ಉಣ್ಣುವುದೆಂದು ಹೇಳುವುದಾದರೂ ಹೇಗೆ ಎನ್ನುತ್ತಿದ್ದರು. ಕೊನೆಯ ಪುಟದಲ್ಲಿ ಜಾಗ ಕೇಳಿತು. ಕಿರಂಗೂರಿನ ಮನೆ ಮುಂದೆಯೋ, ಶ್ರೀರಂಗಪಟ್ಟಣದ ಛತ್ರದಲ್ಲೋ ಎಂದು ಅಣ್ಣತಮ್ಮಂದಿರಲ್ಲಿ ಇನ್ನೂ ಇತ್ಯರ್ಥವಾಗಿರಲಿಲ್ಲ. ಕೇಳಿಕೊಂಡು ಬರೋಣ ಅಂತ ಅವರೂ ಎದ್ದು ಹೋದರು, ಎಲ್ಲ ಗಿರಾಕಿಗಳ ಹಾಗೆಯೇ.

ತೀರ್ಮಾನವಾಗಿ ಬರುವಷ್ಟರಲ್ಲಿ ಶ್ರೀರಂಗಪಟ್ಟಣದ ಒಬ್ಬರು ಬಂದು ತಮ್ಮ ಹೊಸಮನೆಯ ಗೃಹಪ್ರವೇಶಕ್ಕೆ ಊಟ ಹೇಳಿದ್ದರು. ಅವರಿಗೊಂದು ಹೊಸ ಕಿಟಕಿ ತೆರೆದಿತ್ತು. ಒಬ್ಬಟ್ಟು, ಕೋಸಂಬರಿ, ಆಂಬೊಡೆ, ಮಜ್ಜಿಗೆಹುಳಿ ಎಲ್ಲ ಅದರಲ್ಲಿ ತುಂಬಿತ್ತು. ಅದನ್ನು ಮುಗಿಸಿ ಅಣ್ಣ ಮಗಳ ಕಿಟಕಿಗೆ ಮರಳಿದರು. 'ಮನೆ ಮುಂದೆ, ಕಿರಂಗೂರು' ಎಂದು ಕುಟ್ಟಿ, ಕೈಮುಗಿದು, ಗುಂಡಿ ಒತ್ತಿದರು. ಚೀಟಿ ಪ್ರಿಂಟಾಗುತ್ತಿದ್ದಂತೆ ಅವರ ಹೆಂಡತಿ ಅದನ್ನು ಹರಿದು, ಮಡಚಿ, ಗಂಡನ ಕಣ್ಣಿಗೆ ಬೀಳದ ಹಾಗೆ ಕೆ.ಆರ್. ಪೇಟೆಯ ಅಡುಗೆಯವನ ಕೈಗೆ ಕೊಟ್ಟರು. ಅಣ್ಣನ ಬಳಿ ವರ್ಷಾನುಗಟ್ಟಲೆ ಕೆಲಸ ಮಾಡಿದ್ದ ನಂಬಿಕಸ್ಥ. 'ಚೀಟೀಲಿ ಇರೋದ್ ಬುಟ್ಟು ಬ್ಯಾರೆ ಏನೂ ಮಾಡಂಗಿಲ್ಲ. ಯಜಮಾನ್ರ ತಾವ ಬಂದು ಅಡಿಗೆ ಮಾತು ಎತ್ತಂಗಿಲ್ಲ' ಎಂದು ಆಕೆ ಅವನಿಗೂ ತಾಕೀತು ಮಾಡಿದರು.

ಬೀಗರ ಊಟ ಭಾನುವಾರ. ನಾನು ನನ್ನ ಮೊಪೆಡ್ಡಿನಲ್ಲಿ ರೇಷ್ಮೆ ಸೀರೆ ಎತ್ತಿ ಕಟ್ಟಿಕೊಂಡು ಕಿರಂಗೂರಿಗೆ ಹೋದೆ. ಮನೆ ಮುಂದೆ ಶಾಮಿಯಾನ, ಹಿತ್ತಿಲಲ್ಲಿ ಅಡುಗೆ. ಅಣ್ಣ ಜರಿ ಪಂಚೆ, ಗರಿಗರಿ ಶರಟು ಹಾಕಿಕೊಂಡು ಶಾಮಿಯಾನದ ಮೊದಲ ಕುರ್ಚಿಯಲ್ಲಿ ಕೂತಿದ್ದರು. ಅವರ ಕೈಗಳಿಗೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಒಮ್ಮೆ ತೊಡೆ ಮೇಲೆ ಇಟ್ಟುಕೊಳ್ಳುವರು, ಒಮ್ಮೆ ಕಂಕುಳಲ್ಲಿ ಸೇರಿಸಿಕೊಳ್ಳುವರು. ನಾಗಮಂಗಲದಿಂದ ಒಂದು ಬಸ್ಸು, ಒಂದು ಟೆಂಪೋ ತುಂಬ ಬೀಗರು ಬಂದಿಳಿದರು. ಗಂಡಿನ ತಂದೆ ತೆಂಗಿನ ಮರದಷ್ಟು ಎತ್ತರದ ಮನುಷ್ಯ. ಕೂರುತ್ತಲೇ ಹೊಟ್ಟೆ ಮೇಲೆ ಕೈಯಾಡಿಸಿ, 'ಬೆಳಿಗ್ಗೆಯಿಂದ ಕಾಪಿ ಬುಟ್ಟು ಇನ್ನೇನೂ ಮುಟ್ಟಿಲ್ಲ ಬೀಗ್ರೇ. ನಿಮ್ ಕೈ ಅಡಿಗೆ ಅಂತ ಒಟ್ಟೆ ಖಾಲಿ ಮಡೀಕೊಂಡು ಬಂದಿದ್ದೀವಿ' ಎಂದರು.

ಅಣ್ಣ ನಗಲು ತೆರೆದ ಬಾಯಿ ಹಾಗೇ ಉಳಿಯಿತು. ಮೂಗು ಅಗಲವಾಯಿತು. ಗಾಳಿ ಹಿತ್ತಿಲಿನಿಂದ ಬೀಸುತ್ತಿತ್ತು. ನನ್ನನ್ನು ಕಣ್ಸನ್ನೆಯಲ್ಲಿ ಕರೆದು ಕಿವಿಯಲ್ಲಿ ಪಿಸುಗುಟ್ಟಿದರು. 'ಮೇಡಮ್ಮೋರೆ, ಮಸಾಲೆ ವಾಸ್ನೆ ಬತ್ತಿಲ್ಲ. ಇಂಗಿನ ಒಗ್ಗರಣೆ ವಾಸ್ನೆ ಬತ್ತೈತೆ. ನಾನು ಏಳಂಗಿಲ್ಲ. ಒಸಿ ನೋಡ್ಕೊಂಡ್ ಬನ್ನಿ.'

ಹಿತ್ತಿಲಿಗೆ ಓಡಿದೆ. ಕೆ.ಆರ್. ಪೇಟೆಯವನು ನೆಮ್ಮದಿಯಾಗಿ ಒಬ್ಬಟ್ಟು ತಟ್ಟುತ್ತಿದ್ದ. ಒಂದು ಕಡೆ ಕೋಸಂಬರಿ, ಒಂದು ಕಡೆ ಆಂಬೊಡೆ ಗುಡ್ಡೆ, ಕೊಳದಪ್ಪಲೆಯಲ್ಲಿ ಮಜ್ಜಿಗೆಹುಳಿ ಕುದಿಯುತ್ತಿತ್ತು.

'ಮಟನ್ ಎಲ್ಲಿ?' ಅಂದೆ.

'ಯಾವ್ ಮಟನ್ನು ಮೇಡಂ?' ಎಂದು ಅವನು ಸೊಂಟದಿಂದ ಚೀಟಿ ತೆಗೆದು ಕೊಟ್ಟ. ಮೇಲ್ಗಡೆ ಇದ್ದದ್ದು ಕಿರಂಗೂರಿನ ವಿಳಾಸವೇ. ಕೆಳಗಡೆ ಪೂರ್ತಿ ಗೃಹಪ್ರವೇಶದ ಊಟ.

'ಬೀಗರ ಊಟಕ್ಕೆ ಒಬ್ಬಟ್ಟು ತಟ್ಟೋವಾಗ ನಿಮಗೆ ಅನುಮಾನ ಬರಲಿಲ್ವಾ?'

'ಬರ್ದೆ ಇರ್ತದಾ? ರಾತ್ರಿಯೆಲ್ಲ ಬಂತು. ಕೇಳುವ ಅಂದ್ರೆ ಕೇಳಂಗಿಲ್ಲ ಅಂದವ್ರೆ. ಯಜಮಾನ್ರು ಏನೋ ಅರಕೆ ಒತ್ತವ್ರೆ, ದೊಡ್ಡೋರ ವಿಚಾರ ನಮ್ಗ್ಯಾಕೆ ಅಂತ ಸುಮ್ಕಾದೆ.'

ಚೀಟಿ ಹಿಡಿದು ಆ ಬೆಂಕಿಯ ಪಕ್ಕ ನಿಂತಾಗಲೇ ನನಗೆ ಎಲ್ಲ ಹೊಳೆಯಿತು. ನಾವು ಎಷ್ಟು ಕಿಟಕಿ ತೆರೆದರೂ ಸರ್ವರಿನ ಕಣ್ಣಿಗೆ ಬ್ರೌಸರು ಒಂದೇ, ಕೂತವರು ಒಬ್ಬರೇ. ಒಬ್ಬರಿಗೆ ಒಂದೇ ಎಲೆ ಹಾಕಿಟ್ಟಿರುತ್ತದೆ. ಮಗಳ ಕಿಟಕಿಯಲ್ಲಿ ಅಣ್ಣ ಬಡಿಸಿದ್ದ ಬಾಡು ಆ ಎಲೆಯ ಮೇಲಿತ್ತು. ಗೃಹಪ್ರವೇಶದ ಕಿಟಕಿ ತೆರೆದು ಒಬ್ಬಟ್ಟು ಬಡಿಸಿದಾಗ ಅದೇ ಎಲೆಯಿಂದ ಬಾಡು ಎತ್ತಿ ಒಬ್ಬಟ್ಟು ಹಾಕಿತು. ಆಮೇಲೆ ಮಗಳ ಕಿಟಕಿಯಿಂದ ಕಿರಂಗೂರಿನ ವಿಳಾಸ ಬಂದಾಗ ಎಲೆಯ ಮೇಲಿದ್ದ ಒಬ್ಬಟ್ಟಿಗೇ ಆ ವಿಳಾಸ ಅಂಟಿಸಿ ಪ್ರಿಂಟ್ ಮಾಡಿತು. ಪ್ರತಿ ಮನೆಯವರೂ ತಮ್ಮ ಕಿಟಕಿಯನ್ನು ಅರ್ಧದಲ್ಲಿ ಬಿಟ್ಟು ಹೋಗಿ, ಮರಳಿ ಬಂದಾಗ ಎಲ್ಲವನ್ನೂ ಮೊದಲಿಂದ ಬದಲಾಯಿಸುತ್ತಿದ್ದರಿಂದ ಅದುವರೆಗೆ ಗುಟ್ಟು ಹೊರಬಿದ್ದಿರಲಿಲ್ಲ. ಮನಸ್ಸು ಬದಲಾಯಿಸದೆ ವಿಳಾಸವಷ್ಟನ್ನೇ ತುಂಬಿಸಿದವರು ಇಡೀ ತಾಲೂಕಿನಲ್ಲಿ ಅಣ್ಣ ಒಬ್ಬರೇ. ಮದುವೆ ಕಿಟಕಿಗೆ ಇಂಟು ಹಾಕಿದ್ದರೆ ಇದಾವುದೂ ಆಗುತ್ತಿರಲಿಲ್ಲ ಎಂದು ನಾನು ಅವತ್ತೂ ವಾದಿಸಿದೆ, ಈಗಲೂ ವಾದಿಸುತ್ತೇನೆ.

ಅಣ್ಣನ ಹೆಂಡತಿಗೆ ವಿಷಯ ಹೇಳಿದೆ. ಆಕೆ ಕೊಳದಪ್ಪಲೆಗಳನ್ನೆಲ್ಲ ಒಮ್ಮೆ ಇಣುಕಿ ನೋಡಿದರು. ಅಳುತ್ತಾರೆ ಅಂದುಕೊಂಡೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸೀದಾ ಶಾಮಿಯಾನಕ್ಕೆ ನಡೆದರು. 'ಎಲ್ರೂ ಕೈ ತೊಳ್ಕಳಿ. ದೂರದಿಂದ ಬಂದಿದ್ದೀರ, ಮೊದ್ಲು ಒಸಿ ತಿಂಡಿ ತಿನ್ಕಳಿ. ಬಾಡೂಟ ಸಂಜೆಗೆ' ಅಂದರು.

'ತಿಂಡಿ' ಬಂತು. ಬಾಳೆಎಲೆ, ಎರಡು ಥರ ಪಲ್ಯ, ಕೋಸಂಬರಿ, ಆಂಬೊಡೆ, ತುಪ್ಪ ಸುರಿಯುವ ಒಬ್ಬಟ್ಟು, ಪಾಯಸ, ಅನ್ನ, ತಿಳಿಸಾರು, ಮಜ್ಜಿಗೆಹುಳಿ. ನಾಗಮಂಗಲದವರು ಮುಖ ಮುಖ ನೋಡಿಕೊಂಡರು. ಗಂಡಿನ ತಂದೆ ಕುತ್ತಿಗೆ ಎತ್ತರಿಸಿ, 'ಇದು ತಿಂಡಿನಾ?' ಎಂದು ಕೇಳಿದರು. ಆಕೆ ಕಣ್ಣು ಮಿಟುಕಿಸದೆ, 'ನಮ್ ಕಡೆ ತಿಂಡಿ ಇಂಗೇಯ' ಅಂದರು. ಆಮೇಲೆ ಎಷ್ಟೋ ದಿನ ನಾಗಮಂಗಲದ ಕಡೆ, ಕಿರಂಗೂರಿನವರು ಬೆಳಗಿನ ತಿಂಡಿಗೆ ಒಬ್ಬಟ್ಟು ತಿನ್ನುತ್ತಾರಂತೆ ಅನ್ನುವ ಸುದ್ದಿ ಓಡಾಡಿತು.

ಬೀಗರು ಒಬ್ಬಟ್ಟಿನಲ್ಲಿ ಮುಳುಗಿದ್ದಾಗ ಆಕೆ ಗಂಡನ ಕುರ್ಚಿಯ ಹಿಂದೆ ಬಂದು ನಿಂತರು. 'ಏಳಿ ಮೇಲಕ್ಕೆ' ಅಂದರು.

'ಆಣೆ?' ಅಂದರು ಅಣ್ಣ.

'ಆಣೆ ವಿಚಾರ ನಾನು ದೇವ್ರ ತಾವ ಮಾತಾಡ್ಕತೀನಿ. ಸಂಜೆ ಒಳ್ಗೆ ಇಷ್ಟು ಜನಕ್ಕೆ ಬಾಡು ಬೇಯ್ಸಕ್ಕೆ ನಿಮ್ ಕೈಲಿ ಬುಟ್ಟು ಇನ್ಯಾರ ಕೈಲಾಯ್ತದೆ?' ಆಕೆಯ ದನಿ ಗಟ್ಟಿಯಾಗಿತ್ತು. ಕಣ್ಣಲ್ಲಿ ನೀರಿತ್ತು. ವರ್ಷಗಟ್ಟಲೆ ಕಾದು ಗಂಡನನ್ನು ಒಂದು ಕುರ್ಚಿಯಲ್ಲಿ ಕೂರಿಸಿದವರು ತಾವೇ ಎಬ್ಬಿಸಬೇಕಾಗಿ ಬಂದಿತ್ತು. ನನಗೆ ಅವತ್ತು ಜಾವಾ ಕಂಡುಹಿಡಿದವರ ಮೇಲೆಲ್ಲ ಕೋಪ ಬಂತು.

ಅಣ್ಣ ಎದ್ದರು. ಶರಟು ಬಿಚ್ಚಿ ಕುರ್ಚಿಗೆ ಹಾಕಿ, ಜರಿ ಪಂಚೆ ಮಡಚಿ ಕಟ್ಟಿ, ಟವಲು ತಲೆಗೆ ಸುತ್ತಿದರು. ಹಿತ್ತಿಲಿಗೆ ತಿರುಗುವ ಮುಂಚೆ ಆ ಖಾಲಿ ಕುರ್ಚಿಯನ್ನು ಒಂದು ಸಲ ನೋಡಿದರು. ಆಮೇಲೆ ಅವರ ದನಿ ಬೀದಿಗೆಲ್ಲ ಕೇಳಿಸುತ್ತಿತ್ತು. 'ಲೇ, ಪಟ್ಣಕ್ಕೆ ಓಗ್ರಲಾ ಟೆಂಪೋ ತಕ್ಕೊಂಡು! ಎಳೇ ಮರಿನೇ ನೋಡ್ಕೊಂಡ್ ಬನ್ರಲಾ! ಈರುಳ್ಳಿ ಯಾರ್ಲಾ ಕುಯ್ತಾ ಇರೋದು, ನಿದ್ದೆ ಮಾಡ್ತಿದ್ದೀಯೇನ್ಲಾ?'

ಅಷ್ಟರಲ್ಲಿ ನನಗೆ ಇನ್ನೊಂದು ಹೊಳೆಯಿತು. ಒಬ್ಬಟ್ಟು ಇಲ್ಲಿಗೆ ಬಂದಿದ್ದರೆ ಬಾಡು ಎಲ್ಲಿಗೆ ಹೋಯಿತು? ಶ್ರೀರಂಗಪಟ್ಟಣದ ಗೃಹಪ್ರವೇಶವೂ ಅದೇ ಭಾನುವಾರ! ಹೊಸಮನೆಯ ಪೂಜೆಯ ದಿನ, ಹೋಮದ ಹೊಗೆ ಆರುವ ಮೊದಲೇ ತಲೆಮಾಂಸದ ಕೊಳದಪ್ಪಲೆ ಇಳಿದರೆ? ರೇಷ್ಮೆ ಸೀರೆಯಲ್ಲೇ ಮೊಪೆಡ್ಡು ಹತ್ತಿ, ಎತ್ತಿನ ಗಾಡಿ, ಕಬ್ಬಿನ ಲಾರಿ ಒಂದನ್ನೂ ಲೆಕ್ಕಿಸದೆ ಹೋದೆ. ಗುರುತು ಪರಿಚಯವಿಲ್ಲದ ಆ ಮನೆಯ ಅಡುಗೆ ಜಾಗಕ್ಕೆ ನುಗ್ಗಿ, ಬಗ್ಗಿ, ಒಂದೊಂದೇ ಕೊಳದಪ್ಪಲೆಯ ಮುಚ್ಚಳ ತೆಗೆದು ಮೂಗು ಇಟ್ಟು ನೋಡಿದೆ. ತಿಳಿಸಾರು. ಪಾಯಸ. ಮಜ್ಜಿಗೆಹುಳಿ. ಹಿಂದಿನಿಂದ ಆ ಮನೆಯ ಅಜ್ಜಿ, 'ಪಾಪ, ಎಷ್ಟು ಅಸ್ದಿದ್ದೀಯ ಮಗ, ಬಾ ಕುಂತ್ಕೋ' ಎಂದು ನನ್ನ ಕೈ ಹಿಡಿದು ಎಲೆ ಮುಂದೆ ಕೂರಿಸಿದರು. ಆಗ ಯೋಚಿಸಿದರೆ ಸರಿಯಾಗಿಯೇ ಇತ್ತು; ಎಲೆಯ ಮೇಲೆ ಕೊನೆಗೆ ಬಿದ್ದದ್ದು ಒಬ್ಬಟ್ಟೇ ಆದ್ದರಿಂದ ಇಬ್ಬರಿಗೂ ಒಬ್ಬಟ್ಟೇ ಹೋಗಿತ್ತು, ಬಾಡು ಯಾರಿಗೂ ಹೋಗಿರಲಿಲ್ಲ. ನೆಮ್ಮದಿಯಲ್ಲಿ ಮೂರು ಒಬ್ಬಟ್ಟು ತಿಂದೆ.

ಮರಳಿ ಬಂದಾಗ ಗಂಡಿನ ತಂದೆ 'ತಿಂಡಿ'ಯ ಭಾರಕ್ಕೆ ಬೇವಿನ ಮರದ ಕೆಳಗೆ ಚಾಪೆ ಹಾಕಿಸಿಕೊಂಡು ಒರಗಿದ್ದರು. ಗುಟ್ಟು ಅವರ ಕಿವಿ ಮುಟ್ಟಿಯಾಗಿತ್ತು. 'ಏನಮ್ಮ, ನೀನೇಯಾ ನಮ್ ಬೀಗ್ರಿಗೆ ಒಬ್ಬಟ್ ಚೀಟಿ ಕೊಟ್ಟೋಳು?' ಎಂದು ಕೇಳಿದರು. ಎಲೆಯ ಕಥೆಯನ್ನು ಅವರಿಗೂ ಹೇಳಿದೆ. ಇನ್ನು ಮೇಲೆ ಪ್ರತಿ ಫಾರಮಿಗೂ ತೆರೆಯುವಾಗಲೇ ಒಂದೊಂದು ಗುಪ್ತ ನಂಬರು ಕೊಟ್ಟು, ಸರ್ವರಿನಲ್ಲಿ ನಂಬರಿಗೊಂದು ಎಲೆ ಹಾಕಿಸುತ್ತೇನೆ, ಯಾರ ಊಟ ಯಾರ ಎಲೆಗೂ ಬೀಳುವುದಿಲ್ಲ ಎಂದೆ. ಅವರು ಹಲ್ಲಿನ ಸಂದಿಯಲ್ಲಿ ಕಡ್ಡಿಯಾಡಿಸುತ್ತಾ, 'ಅಷ್ಟೊಂದು ಓದಿ ಮೊದ್ಲೇ ಎಲ್ಡೆಲೆ ಆಕಕ್ಕೆ ಏನಾಗಿತ್ತು?' ಅಂದರು. ಬೀಗರು ಎನ್ನುವುದನ್ನೂ ಮರೆತು, 'ನೀವು ಒಂದೇ ಸಲಕ್ಕೆ ಊಟ ಹೇಳಿ ಮುಗಿಸೋ ಜನ ಆಗಿದ್ರೆ ಒಂದೆಲೇನೇ ಸಾಕಿತ್ತು' ಎಂದುಬಿಟ್ಟೆ. ಅವರು ಚಾಪೆ ಅಲುಗಾಡುವ ಹಾಗೆ ನಕ್ಕರು.

ಹೊತ್ತು ಇಳಿಯಿತು. ಹಿತ್ತಿಲಿನಿಂದ ಮಸಾಲೆಯ ಘಮ ಬಂದು ಮಲಗಿದವರೆಲ್ಲ ತಾವಾಗಿ ಎದ್ದು ಕೂತರು. ಪಂಕ್ತಿ ಹಾಕಿದರು. ಮುದ್ದೆ ಬಂತು, ಸಾರು ಬಂತು, ಕೈಮ ಉಂಡೆ ಬಂತು. ಎಲ್ಲರ ಕೈ ಎಲೆಯ ಹತ್ತಿರ ಹೋಯಿತು. ಗಂಡಿನ ತಂದೆಯ ಕೈ ಮಾತ್ರ ಹೋಗಲಿಲ್ಲ. ಅವರ ಎದುರು ಸಾಲಿನ ಎಲೆಯ ಮುಂದೆ ಯಾರೂ ಕೂತಿರಲಿಲ್ಲ.

'ಬೀಗ್ರು ಎಲ್ಲಿ?' ಅಂದರು.

'ಅವ್ರು ಬೆವ್ತವ್ರೆ, ಮಸಿ ಆಗವ್ರೆ. ನೀವು ಉಣ್ಣಿ, ಅವ್ರು ಕಡೇಲಿ ಕುಂತ್ಕತಾರೆ' ಎಂದು ಅಣ್ಣನ ಹೆಂಡತಿ ಹೇಳಿದರು.

'ಅವ್ರು ಬಂದು ಕೂರೋಗಂಟ ನಾನು ಎಲೆ ಮುಟ್ಟಾಕಿಲ್ಲ' ಎಂದು ಅವರು ಕೈ ಕಟ್ಟಿ ಕೂತರು. ಅವರು ಮುಟ್ಟದಿದ್ದರೆ ನಾಗಮಂಗಲದವರು ಯಾರೂ ಮುಟ್ಟುವಂತಿರಲಿಲ್ಲ. ಇಡೀ ಪಂಕ್ತಿ ಮುದ್ದೆಯ ಮುಂದೆ ಉಗುಳು ನುಂಗುತ್ತಾ ಕೂತಿತು. ಅಣ್ಣನನ್ನು ಹಿತ್ತಿಲಿನಿಂದ ಎಳೆದೇ ತರಬೇಕಾಯಿತು. ಒದ್ದೆ ಬನಿಯನ್ನು, ಹೊಗೆಗೆ ಕೆಂಪಾದ ಕಣ್ಣು, ಜರಿ ಪಂಚೆಯ ತುಂಬ ಮಸಾಲೆ. ಬೀಗನ ಎದುರು ಚಕ್ಕಳಮಕ್ಕಳ ಹಾಕಿ ಕೂತರು. ಅವರ ಹೆಂಡತಿ ತಾವೇ ಬಡಿಸಿದರು. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗೆ ಹಾಕಿಕೊಂಡರು.

ನುಂಗಿದವರು ಸುಮ್ಮನೆ ಎಲೆ ನೋಡುತ್ತಾ ಕೂತುಬಿಟ್ಟರು. ಇದರಲ್ಲೂ ಏನು ಎಡವಟ್ಟಾಯಿತೋ ಎಂದು ಬಗ್ಗಿ, 'ಏನಣ್ಣ, ಉಪ್ಪು ಕಮ್ಮಿಯಾ?' ಅಂದೆ.

ಅಣ್ಣ ತಲೆ ಅಲ್ಲಾಡಿಸಿದರು. 'ಅಂಗೈ ಮೇಲೆ ಒಂದು ತೊಟ್ಟು ಬುಟ್ಕೊಂಡು ನೆಕ್ಕಿ ನೋಡ್ತಿದ್ದೆ ಅಷ್ಟೇಯ. ಬೆಂಕಿ ಮುಂದೆ ನಿಂತು ನಿಂತು ಅಸಿವು ಸತ್ತೋಗಿರೋದು. ಮನೇಗೋಗಿ ಮಜ್ಗೆ ಅನ್ನ ಉಂಡು ಮನಿಕೊತಿದ್ದೆ. ನನ್ ಅಡಿಗೇನ ಬಿಸಿ ಬಿಸಿಯಾಗಿ, ಎಲೆ ಮುಂದೆ ಕುಂತು, ಯಾವತ್ತೂ ಉಂಡಿರ್ನಿಲ್ಲ.' ಎಡಗೈಯಲ್ಲಿ ಕಣ್ಣು ಒರೆಸಿಕೊಂಡರು. 'ಜನ ಉಂಡೆದ್ದು ಚೆಂದಾಗೈತೆ ಅಂದ್ರೆ ಬಾಯ್ಮಾತಿಗೆ ಅಂತಾವ್ರೆ ಅನ್ಕೊಂಡಿದ್ದೆ ಕಣವ್ವ.'

ಗಂಡಿನ ತಂದೆ ತಮ್ಮ ಮುದ್ದೆ ಮುರಿದರು. ಅಣ್ಣನ ಹೆಂಡತಿ ಕೇಳದೆಯೇ ಇನ್ನೊಂದು ಸೌಟು ಸಾರು ಬಿಟ್ಟರು. ಅಣ್ಣ ಬೇಡ ಅನ್ನಲಿಲ್ಲ.